ಇಬ್ಬರು ಅಜ್ಜಿಯರು, ಒಂದು ದೀರ್ಘ

ದಮ್ಮಾಮಿನ ವಿಮಾನ ನಿಲ್ದಾಣ

ಪೆಟ್ಟಿಗೆ ತೆರೆದ ಕೂಡಲೇ ಗೊತ್ತಾಯಿತು, ತೆಂಗಿನೆಣ್ಣೆ ನನಗಿಂತ ಮೊದಲೇ ಪ್ರವಾಸ ಶುರುಮಾಡಿದೆ ಎಂದು. ಕಾರ್ಕಳದ ಗಾಣದಲ್ಲಿ ನಾನೇ ನಿಂತು ಆಡಿಸಿಕೊಂಡು ಬಂದ ಎಣ್ಣೆ. ಬಾಟಲಿಯ ಬಾಯಿಗೆ ಪ್ಲಾಸ್ಟಿಕ್ ಸುತ್ತಿ, ರಬ್ಬರ್ ಬ್ಯಾಂಡ್ ಹಾಕಿ, ಅದರ ಮೇಲೆ ಹಳೆಯ ಸೀರೆಯ ತುಂಡು ಬಿಗಿದಿದ್ದೆ. ಎರಡು ಬಾಟಲಿಯಲ್ಲಿ ಒಂದು ನನ್ನ ಮಾನ ಉಳಿಸಿತು. ಇನ್ನೊಂದು ಮಗುವಿನ ಅಂಗಿಗಳಿಗೆ, ಬಾಣಂತಿ ಲೇಹ್ಯದ ಡಬ್ಬಿಗೆ, ನನ್ನ ಹೊಸ ಚಪ್ಪಲಿಗೆ ಸಮನಾಗಿ ಹಂಚಿಹೋಗಿತ್ತು.

ಕಸ್ಟಮ್ಸ್ ಅಧಿಕಾರಿ ಎರಡು ಬೆರಳಲ್ಲಿ ಒಂದು ಪುಟ್ಟ ಅಂಗಿ ಎತ್ತಿ ಹಿಡಿದು ನನ್ನ ಮುಖ ನೋಡಿದ. "ಜದ್ದಾ?" ಎಂದು ಕೇಳಿದ.

"ನೋ ಜಿದ್ದಾ. ದಮ್ಮಾಮ್," ಎಂದೆ. ತಪ್ಪು ಊರಿಗೆ ಕಳಿಸಿಬಿಟ್ಟರೆ ಏನು ಗತಿ?

ಅವನು ನಕ್ಕು, ಎರಡೂ ಕೈ ಜೋಡಿಸಿ ಮಗುವನ್ನು ತೂಗುವಂತೆ ಮಾಡಿ ತೋರಿಸಿ, ಪೆಟ್ಟಿಗೆಯನ್ನು ತಾನೇ ಮುಚ್ಚಿಕೊಟ್ಟ. ಜದ್ದಾ ಎಂದರೆ ಅಜ್ಜಿ ಎಂದು ಆಮೇಲೆ ಮಗ ಹೇಳಿದ. ಆ ದೇಶದಲ್ಲಿ ನನಗೆ ಸಿಕ್ಕಿದ ಮೊದಲ ಬಿರುದು ಅದು.

ಮಗ ರೋಶನ್ ರಾಸ್ ಅಲ್ ಖೈರಿನಲ್ಲಿ ಸಮುದ್ರದ ನೀರನ್ನು ಸಿಹಿನೀರು ಮಾಡುವ ಸ್ಥಾವರದಲ್ಲಿ ಇಂಜಿನಿಯರ್. ಅವನ ಹೆಂಡತಿ ಶಿನೇಡ್ ಐರ್ಲೆಂಡಿನವಳು, ದಮ್ಮಾಮಿನ ಒಂದು ಆಸ್ಪತ್ರೆಯಲ್ಲಿ ನರ್ಸ್. ಇವನ ಕಾಲಿಗೆ ಪೆಟ್ಟಾಗಿ ಅಲ್ಲಿ ಹೋಗಿ ಮಲಗಿದ್ದಾಗ ಪರಿಚಯ. ಕಾಲು ಬೇಗ ಸರಿಯಾಯಿತು, ಉಳಿದದ್ದು ಸರಿಯಾಗಲಿಲ್ಲ, ಮದುವೆ ಮಾಡಬೇಕಾಯಿತು. ಈಗ ಅವಳಿಗೆ ದಿನ ತುಂಬಿತ್ತು. ಬಾಣಂತನಕ್ಕೆಂದು ನಾನು ವಿಸಿಟ್ ವೀಸಾದಲ್ಲಿ ಬಂದವಳು. ಇದೇ ಕೆಲಸಕ್ಕೆ ಅವಳ ತಾಯಿಯೂ ಐರ್ಲೆಂಡಿನಿಂದ ನನಗಿಂತ ಮೊದಲೇ ಬಂದಿಳಿದಿದ್ದಳು. ಹೊರಗೆ ರೋಶನನ ಪಕ್ಕ ಬಿಳಿಕೂದಲಿನ, ಕೆಂಪು ಮುಖದ, ನನಗಿಂತ ಒಂದು ಗೇಣು ಎತ್ತರದ ಹೆಂಗಸು ನಿಂತಿದ್ದಳು. ಮದುವೆಯಲ್ಲಿ ಕಾರ್ಕಳಕ್ಕೆ ಬಂದು ನಮ್ಮ ಖಾರದ ಕೋಳಿಸಾರು ತಿಂದು ಕಣ್ಣೀರಿಟ್ಟವಳು. ಹೆಸರು ಶೀಲ.

ಹೌದು, ಶೀಲ. ನಮ್ಮ ವಾರ್ಡಿನಲ್ಲೇ ಐದಾರು ಶೀಲಗಳಿದ್ದಾರೆ, ಅವರ ದೇಶದಲ್ಲೂ ಇದ್ದಾರಂತೆ. ಮದುವೆಯಲ್ಲೇ ಅದು ನನಗೆ ತುಂಬಾ ಹಿಡಿಸಿತ್ತು.

"ಫಿಲೋಮಿನಾ," ಎಂದು ಕರೆದು, ಎಣ್ಣೆ ಮೆತ್ತಿದ್ದ ನನ್ನನ್ನು ಲೆಕ್ಕಿಸದೆ ತಬ್ಬಿಕೊಂಡಳು.

ರೋಶನನ ಮನೆ

ದಮ್ಮಾಮಿನಲ್ಲಿ ಮನೆಯೆಂದರೆ ತಣ್ಣಗಿನ ಪೆಟ್ಟಿಗೆ. ಹೊರಗೆ ಕಾಲಿಟ್ಟರೆ ಇಡ್ಲಿ ಪಾತ್ರೆಯ ಮುಚ್ಚಳ ತೆಗೆದ ಹಾಗೆ ಮುಖಕ್ಕೆ ಹಬೆ. ಯಾರೂ ನಡೆಯುವುದಿಲ್ಲ. ಎದುರಿನ ಅಂಗಡಿಗೆ ಖಬ್ಬೂಸ್ ರೊಟ್ಟಿ ತರಲಿಕ್ಕೂ ಕಾರು ತೆಗೆಯುತ್ತಾರೆ. ನಾನು ಒಂದು ಬೆಳಿಗ್ಗೆ ನಡೆದೇ ಹೋದೆ, ಹಾದುಹೋದ ಮೂರು ಕಾರು ನಿಂತು ಏನಾದರೂ ತೊಂದರೆಯೇ ಎಂದು ವಿಚಾರಿಸಿದವು. ಆಮೇಲೆ ಮಗ ಕೈಮುಗಿದು ಕೇಳಿಕೊಂಡದ್ದರಿಂದ ಬಿಟ್ಟೆ.

ಮೊದಲ ಸಂಜೆ ನಾನು ಚಹಾ ಮಾಡಿ ಶೀಲಳಿಗೆ ಕೊಡಹೋದೆ.

"ಬೇಡ ಬೇಡ, ನನಗೋಸ್ಕರ ತೊಂದರೆ ತೆಗೆದುಕೊಳ್ಳಬೇಡ," ಎಂದಳು.

"ಸ್ವಲ್ಪ," ಎಂದೆ.

"ಇಲ್ಲ, ಈಗಷ್ಟೇ ನೀರು ಕುಡಿದೆ."

"ಅರ್ಧ ಕಪ್ಪು," ಎಂದೆ.

"ಹಾಗಾದರೆ ಅರ್ಧ," ಎಂದು ತುಂಬಿದ ಕಪ್ಪು ತೆಗೆದುಕೊಂಡಳು, ಆಮೇಲೆ ಇನ್ನೊಂದನ್ನೂ ಕುಡಿದಳು.

ಸೋಫಾದಲ್ಲಿ ಕಾಲು ಚಾಚಿ ಕೂತಿದ್ದ ಶಿನೇಡ್ ಹೊಟ್ಟೆ ಹಿಡಿದುಕೊಂಡು ನಕ್ಕಳು. ಅವರ ಊರಲ್ಲಿ ಮೂರು ಸಲ ಕೇಳದಿದ್ದರೆ ಕೇಳಿದ ಹಾಗೇ ಅಲ್ಲವಂತೆ. ನಮ್ಮಲ್ಲೂ ಹಾಗೇ ಅಲ್ಲವೇ? ಊಟದ ಮನೆಯಲ್ಲಿ "ಸಾಕು" ಎಂದವನ ಎಲೆಗೆ ಬಡಿಸದೆ ಮುಂದೆ ಹೋದರೆ ಅವನು ಮರುದಿನ ಊರೆಲ್ಲ ಹೇಳಿಕೊಂಡು ಬರುತ್ತಾನೆ. ನಮ್ಮ ರೋಶನ್ ಮಾತ್ರ ಗಲ್ಫಿಗೆ ಬಂದು ಇದನ್ನೆಲ್ಲ ಮರೆತಿದ್ದ. ಬೇಡ ಎಂದರೆ ಬೇಡ ಎಂದೇ ತಿಳಿದು ಪಾತ್ರೆ ಒಳಗಿಡುತ್ತಾನೆ. ಅತ್ತೆ ಬಂದ ಮೊದಲ ದಿನ ಅವನ ದೆಸೆಯಿಂದ ಹಸಿದು ಮಲಗಿದ್ದಳಂತೆ.

ಚಹಾ ಮುಗಿದ ಮೇಲೆ ಶೀಲ ತನ್ನ ಕೋಣೆಯಿಂದ ಒಂದು ಹೊದಿಕೆ ತಂದು ನನ್ನ ತೊಡೆಯ ಮೇಲೆ ಹರಡಿದಳು. ಹಾಲುಬಣ್ಣದ ಉಣ್ಣೆ, ಕೈಯಲ್ಲೇ ಹೆಣೆದದ್ದು. ಈ ಸೆಕೆಯ ಊರಿಗೆ ಉಣ್ಣೆಯೇ ಎಂದು ಬಾಯಿಗೆ ಬಂತು, ನುಂಗಿದೆ. ಒಂದು ಮೂಲೆಯಲ್ಲಿ ನೀಲಿ ದಾರದಲ್ಲಿ ಇಂಗ್ಲಿಷಿನ ನಾಲ್ಕು ಅಕ್ಷರ. ಎರಡನೆಯ ಅಕ್ಷರದ ತಲೆಯ ಮೇಲೆ ಓರೆಯಾಗಿ ಒಂದು ಪುಟ್ಟ ಗೆರೆ. ನಾನು 'ಸಿಲೆ' ಎಂದು ಓದಿದೆ.

"ಶೀಲ," ಎಂದು ತಿದ್ದಿದಳು.

ಓಹೋ, ನಮ್ಮ ಮಕ್ಕಳು ಬುತ್ತಿಡಬ್ಬಿಗೆ ಬರೆದುಕೊಳ್ಳುವ ಹಾಗೆ ತನ್ನ ವಸ್ತುವಿಗೆ ಹೆಸರು ಹೊಲಿದುಕೊಂಡಿದ್ದಾಳೆ ಎಂದುಕೊಂಡು, "ನಿನ್ನದು ಕಳೆದುಹೋಗುವುದಿಲ್ಲ ಬಿಡು," ಎಂದೆ.

"ನನ್ನದಲ್ಲ," ಎಂದು ಮಗಳ ಹೊಟ್ಟೆಯ ಕಡೆ ತೋರಿಸಿದಳು. "ಅವಳ ಹೆಸರು."

ನಾನು ಪಕ್ಕದಲ್ಲಿದ್ದ ಕೈಚೀಲವನ್ನು ಹತ್ತಿರಕ್ಕೆ ಎಳೆದುಕೊಂಡೆ. ಯಾಕೆಂದರೆ ಅದರ ಒಳಜೇಬಿನಲ್ಲಿ, ಹತ್ತಿಯಲ್ಲಿ ಸುತ್ತಿಟ್ಟ ಒಂದು ಪುಟ್ಟ ಚಿನ್ನದ ಬಳೆಯಿತ್ತು. ಅದರ ಒಳಮೈಯಲ್ಲಿ ಕಾರ್ಕಳದ ಆಚಾರಿ ಕನ್ನಡದಲ್ಲಿ 'ಫಿಲೋಮಿನಾ' ಎಂದು ಕೆತ್ತಿದ್ದ. ಕೂಸು ಹುಟ್ಟುವ ಮೊದಲೇ ಕುಲಾವಿ ಎನ್ನುತ್ತಾರಲ್ಲ, ಇಲ್ಲಿ ಎರಡು ಕುಲಾವಿ ತಯಾರಾಗಿದ್ದವು.

ತಪ್ಪು ಆದದ್ದು ಮದುವೆಯ ದಿನ. ಊಟದ ಮೇಜಿನಲ್ಲಿ ನಾನೂ ಶೀಲಳೂ ಪದ್ಧತಿಗಳ ಮಾತಾಡಿದ್ದೆವು. ನಮ್ಮ ಕಡೆ ಕ್ರಿಶ್ಚಿಯನ್ನರಲ್ಲಿ ಮೊದಲ ಗಂಡುಮಗುವಿಗೆ ತಂದೆಯ ತಂದೆಯ ಹೆಸರು ಎಂದೆ. ನಮ್ಮಲ್ಲೂ ಅದೇ ಎಂದಳು. ಎರಡನೆಯವನಿಗೆ ತಾಯಿಯ ತಂದೆಯದು ಎಂದೆ. ನಮ್ಮಲ್ಲೂ ಅದೇ ಎಂದಳು. ಅಷ್ಟಕ್ಕೇ ನಾವು ಕೈ ಕೈ ಹಿಡಿದು ಸಂಭ್ರಮಿಸಿ ಮುಂದೆ ಕೇಳುವುದನ್ನೇ ಬಿಟ್ಟೆವು. ನಮ್ಮಲ್ಲಿ ಮೊದಲ ಹೆಣ್ಣುಮಗುವಿಗೆ ತಂದೆಯ ತಾಯಿಯ ಹೆಸರು. ಅವರಲ್ಲಿ ತಾಯಿಯ ತಾಯಿಯದು. ನಮ್ಮ ದೇಶದಲ್ಲಿ ಹುಟ್ಟುವ ಮೊದಲು ಹೆಣ್ಣೋ ಗಂಡೋ ಹೇಳಬಾರದು, ಇಲ್ಲಿ ಹೇಳುತ್ತಾರೆ. ಹೆಣ್ಣೆಂದು ತಿಳಿದ ದಿನ ರೋಶನ್ ಎರಡೂ ಕಡೆ ಫೋನ್ ಮಾಡಿದ್ದ, ಎರಡೂ ಕಡೆ ಅಜ್ಜಿಯರು ಹಿಗ್ಗಿದ್ದರು.

"ನಿನಗೆ ಗೊತ್ತಿತ್ತಾ?" ಎಂದು ಅಡುಗೆಮನೆಯಲ್ಲಿ ಮಗನನ್ನು ಹಿಡಿದೆ. ಮನೆಯಲ್ಲಿ ನಮ್ಮದು ಕೊಂಕಣಿ, ಶೀಲಳ ಜೊತೆ ಇಂಗ್ಲಿಷ್, ಇಲ್ಲಿ ಎಲ್ಲವನ್ನೂ ಕನ್ನಡದಲ್ಲಿ ಬರೆಯುತ್ತಿದ್ದೇನೆ.

"ಎಂತ ಹೇಳುವುದು ಮಮ್ಮಿ? ಇಬ್ಬರೂ ಬಂದ ಮೇಲೆ ನೋಡುವ ಅಂತ ಇದ್ದೆ."

"ಎರಡೂ ಹೆಸರು ಇಡು. ಅದರಲ್ಲೇನು ಕಷ್ಟ?"

"ಆಗುವುದಿಲ್ಲ. ಇಲ್ಲಿಯ ಜನನ ಪತ್ರದಲ್ಲಿ ಹೆಸರಿಗೆ ಒಂದೇ ಖಾನೆ. ಆಮೇಲೆ ಅಪ್ಪನ ಹೆಸರು, ಅಜ್ಜನ ಹೆಸರು, ಮನೆತನ. ಮುಗಿಯಿತು."

ಇವರದು ಒಂದೇ ಮಗು ಎಂದು ಮೊದಲೇ ತೀರ್ಮಾನ ಮಾಡಿದ್ದರು. ರೋಶನ್ ನನಗೆ ಒಬ್ಬನೇ ಮಗ. ಇನ್ನೊಂದು ಅವಕಾಶ ಇರಲಿಲ್ಲ. ಬಿಸಿತುಪ್ಪ ಬಾಯಿಗೆ ಹಾಕಿಕೊಂಡವಳ ಹಾಗೆ ಹೋಗಿ ಮಲಗಿದೆ.

ಆಸ್ಪತ್ರೆ

ನಮ್ಮ ಕಡೆಯ ಕ್ರಮವನ್ನು ಮಗ ಶೀಲಳ ಕಿವಿಗೂ ಹಾಕಿದ್ದ, ಮುಂದಿನ ಕೆಲವು ದಿನ ನಾನೂ ಅವಳೂ ಅತಿ ಮರ್ಯಾದೆಯಿಂದ ಇದ್ದೆವು. ಹೆಂಗಸರು ಅತಿ ಮರ್ಯಾದೆಯಿಂದಿದ್ದರೆ ಮನೆಯಲ್ಲಿ ಗಂಡಸರು ಬೇಗ ಕೆಲಸಕ್ಕೆ ಹೋಗುತ್ತಾರೆ, ರೋಶನ್ ಕೂಡ ಹೋಗುತ್ತಿದ್ದ.

ಹೆರಿಗೆ ಸುಸೂತ್ರವಾಯಿತು. ಮಗು ಕೆಂಪಗೆ, ದುಂಡಗೆ, ತಲೆತುಂಬ ಕಪ್ಪು ಕೂದಲು. ಕೂದಲು ನಮ್ಮ ಕಡೆಯದು ಎಂದು ನಾನು ಜೋರಾಗಿಯೇ ಹೇಳಿದೆ. ಶೀಲ ಗಲ್ಲ ತಮ್ಮ ಕಡೆಯದೆಂದು ಅಷ್ಟೇ ಜೋರಾಗಿ ಹೇಳಿದಳು.

ಆಮೇಲೆ ಅವಳು ಒಂದು ಕೆಲಸ ಮಾಡಿದಳು. ಶಿನೇಡಳ ಮಣಿಕಟ್ಟಿಗೆ ಆಸ್ಪತ್ರೆಯವರು ಹೆಸರು ಮುದ್ರಿಸಿದ ಪಟ್ಟಿ ಕಟ್ಟಿದ್ದರು. ಶೀಲ ಚೀಲದಿಂದ ಪೆನ್ನು ತೆಗೆದು, ಕನ್ನಡಕ ಏರಿಸಿ, ನಿದ್ದೆಹೋಗಿದ್ದ ಮಗಳ ಕೈ ಮೆಲ್ಲಗೆ ಎತ್ತಿ, ಹೆಸರಿನ ಒಂದು ಅಕ್ಷರದ ಮೇಲೆ ಓರೆಗೆರೆ ಎಳೆದಳು. ಹೊದಿಕೆಯ ಮೂಲೆಯಲ್ಲಿದ್ದಂಥದ್ದೇ ಗೆರೆ.

"ಏನದು?" ಎಂದೆ. ಮರ್ಯಾದೆಯ ಮಾತಲ್ಲದೆ ಬೇರೆ ಮಾತಾಡಿ ಎರಡು ದಿನವಾಗಿತ್ತು, ಆದರೆ ಯಾರಾದರೂ ಬರೆಯುವುದನ್ನು ಕಂಡರೆ ನನಗೆ ಸುಮ್ಮನಿರಲು ಆಗುವುದಿಲ್ಲ.

"ಫದ," ಎಂದಳು. "ಫದ ಅಂದರೆ ಉದ್ದ. ಇದು ತಲೆಯ ಮೇಲಿದ್ದರೆ ಸ್ವರವನ್ನು ಎಳೆಯಬೇಕು. ಇಲ್ಲದಿದ್ದರೆ ನನ್ನ ಮಗಳು ಶಿನೆಡ್ ಆಗುತ್ತಾಳೆ, ಶಿನೇಡ್ ಆಗುವುದಿಲ್ಲ. ಕಂಪ್ಯೂಟರಿನವರು ಯಾವಾಗಲೂ ಬಿಡುತ್ತಾರೆ. ನಾನು ಹಾಕುತ್ತೇನೆ."

ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಕನ್ನಡ ಟೀಚರಾಗಿದ್ದವಳು ನಾನು. ಅವಳ ಪೆನ್ನು ಕಸಿದುಕೊಂಡು ಮೇಜಿನ ಮೇಲಿದ್ದ ಟಿಶ್ಯೂ ಕಾಗದದಲ್ಲಿ ಬರೆದು ತೋರಿಸಿದೆ: ನೆ, ನೇ. ಶಿ, ಶೀ. "ನಮ್ಮಲ್ಲೂ ಇದೆ. ಇದಕ್ಕೆ ದೀರ್ಘ ಅಂತ ಹೆಸರು. ನಿಮ್ಮದು ತಲೆಯ ಮೇಲೆ ಕೂರುತ್ತದೆ, ನಮ್ಮದು ಬೆನ್ನ ಹಿಂದೆ ನಿಲ್ಲುತ್ತದೆ."

ಶೀಲ ಟಿಶ್ಯೂ ಹಿಡಿದು ತುಂಬಾ ಹೊತ್ತು ನೋಡಿದಳು. ದೀರ್ಘ ಬಿಟ್ಟರೆ ಏನಾಗುತ್ತದೆ ಎಂದು ಕೇಳಿದಳು. ನನ್ನ ತರಗತಿಯ ಒಬ್ಬ ಮಹಾಶಯ ಬೇಡದ ಕಡೆ ಅದನ್ನು ಹಾಕಿ 'ನಮ್ಮ ಮನೆಯ ಬೆಕ್ಕು ನಾಲ್ಕು ಮಾರಿಗಳನ್ನು ಹಾಕಿದೆ' ಎಂದು ಪರೀಕ್ಷೆಯಲ್ಲಿ ಬರೆದದ್ದನ್ನು ಹೇಳಿದೆ. ಮರಿ, ಮಾರಿ ಎರಡನ್ನೂ ವಿವರಿಸಿದಾಗ ಅವಳು ಬಾಯಿಗೆ ಕೈಯಿಟ್ಟು ನಕ್ಕಳು. ಅವರ ಐರಿಷ್ ಭಾಷೆಯಲ್ಲಿ 'ಮುರಿದದ್ದು' ಎಂಬ ಮಾತಿನ ಮೇಲೆ ಗೆರೆ ಎಳೆದರೆ ಅದು 'ಪ್ಯಾಂಟು' ಆಗುತ್ತದಂತೆ. ಇಬ್ಬರು ಅಜ್ಜಿಯರು ಹೆರಿಗೆ ವಾರ್ಡಿನಲ್ಲಿ ಮುರಿದ ಪ್ಯಾಂಟಿನ ಬಗ್ಗೆ ನಗುವುದನ್ನು ಕಂಡು ಫಿಲಿಪ್ಪೀನಿ ನರ್ಸ್ ಬಂದು ಬಾಗಿಲು ಮುಚ್ಚಿದಳು.

ಹೆಸರಿನ ಮಾತು ಮಾತ್ರ ಇಬ್ಬರೂ ಎತ್ತಲಿಲ್ಲ.

ಬಚ್ಚಲು

ಉಳಿದ ಒಂದು ಬಾಟಲಿ ಎಣ್ಣೆಯಲ್ಲಿ ಮಗುವಿನ ಸ್ನಾನ ಶುರುವಾಯಿತು. ಕಾಲು ಚಾಚಿ ಕೂತು, ಮಗುವನ್ನು ಕಾಲ ಮೇಲೆ ಮಲಗಿಸಿ, ಎಣ್ಣೆ ತಿಕ್ಕಿ, ಕೈಕಾಲು ಅಡ್ಡಡ್ಡ ಎಳೆದು, ಮೂಗು ನೀವಿ, ಬಿಸಿನೀರು ಹೊಯ್ಯುವುದು. ನಮ್ಮಲ್ಲಿ ಇದಕ್ಕೆ ಹೆದರುವವರು ಯಾರೂ ಇಲ್ಲ. ಶೀಲ ಬಾಗಿಲಲ್ಲಿ ಎದೆಯ ಮೇಲೆ ಕೈ ಕಟ್ಟಿ ನಿಂತು, ನಾನು ಮಗುವಿನ ಎಡಗಾಲನ್ನು ಬಲಗೈಗೆ ಮುಟ್ಟಿಸಿದಾಗಲೆಲ್ಲ ಅವರ ದೇವರನ್ನೂ ನಮ್ಮ ದೇವರನ್ನೂ ಕರೆಯುತ್ತಿದ್ದಳು. ಇಬ್ಬರದೂ ಒಬ್ಬನೇ ದೇವರು, ಅವನಿಗೆ ಕೆಲಸ ಎರಡಾಯಿತು.

ಸ್ನಾನವಾದ ಮೇಲೆ ಮಗು ಕಲ್ಲಿನ ಹಾಗೆ ನಿದ್ದೆಹೋಯಿತು. ಮರುದಿನದಿಂದ ನೀರು ಹೊಯ್ಯುವ ಕೆಲಸ ಶೀಲಳೇ ಕೇಳಿ ತೆಗೆದುಕೊಂಡಳು. ನೀರು ಹೊಯ್ಯುತ್ತಾ ಸಣ್ಣ ಸ್ವರದಲ್ಲಿ ಏನೋ ಹಾಡುತ್ತಿದ್ದಳು. ಅವಳ ತಾಯಿ ಹಾಡುತ್ತಿದ್ದದ್ದಂತೆ. ಅರ್ಥವಾಗದಿದ್ದರೂ ದೀರ್ಘಗಳು ನನಗೆ ಕೇಳುತ್ತಿದ್ದವು. ಎಲ್ಲಿ ಎಳೆಯುತ್ತಾಳೋ ಅಲ್ಲಿ ನೀರಿನ ಧಾರೆಯೂ ನಿಧಾನವಾಗುತ್ತಿತ್ತು.

ಒಂದು ಬೆಳಿಗ್ಗೆ ಹಾಡಿನ ನಡುವೆ ಅವಳು ಉಸಿರು ತೆಗೆದುಕೊಂಡಾಗ, ಮುಂದಿನ ಸಾಲು ಒಳಗಿನ ಕೋಣೆಯಿಂದ ಬಂತು. ಮಲಗಿದ್ದ ಶಿನೇಡ್ ಹಾಡಿದ್ದಳು. ಶೀಲಳ ಕೈಯ ತಂಬಿಗೆ ಅಲ್ಲೇ ನಿಂತಿತು.

"ಶಾಲೆಯ ಹಾಸ್ಟೆಲಿಗೆ ಹೋದ ಮೇಲೆ ಇವಳು ನನಗೆ ಐರಿಷಿನಲ್ಲಿ ಉತ್ತರ ಕೊಟ್ಟಿದ್ದೇ ಇಲ್ಲ," ಎಂದು ಪಿಸುಗುಟ್ಟಿದಳು. "ನಾನು ಐರಿಷಿನಲ್ಲಿ ಕೇಳಿದರೆ ಇಂಗ್ಲಿಷಿನಲ್ಲಿ ಹೇಳುತ್ತಾಳೆ."

"ನೀರು ಹೊಯ್ಯಿ ಮಾರಾಯ್ತಿ, ಮಗುವಿಗೆ ಚಳಿಯಾಗುತ್ತದೆ," ಎಂದೆ ಕನ್ನಡದಲ್ಲೇ. ಅವಳಿಗೆ ಅರ್ಥವಾಯಿತು. ತಂಬಿಗೆ ಮತ್ತೆ ಬಗ್ಗಿತು.

ಪಕ್ಕದ ಮನೆ

ಪಕ್ಕದ ಫ್ಲ್ಯಾಟಿನಲ್ಲಿ ಉಳ್ಳಾಲದ ಮೈಮೂನಾ ಇದ್ದಳು. ಗಂಡನದು ದಮ್ಮಾಮಿನಲ್ಲೇ ವ್ಯಾಪಾರ. ಮನೆಯಲ್ಲಿ ಬ್ಯಾರಿ, ನನ್ನ ಜೊತೆ ಕನ್ನಡ, ಅಂಗಡಿಯಲ್ಲಿ ಅರಬ್ಬಿ, ಮಕ್ಕಳ ಜೊತೆ ಇಂಗ್ಲಿಷ್. ಬಾಣಂತಿಗೆಂದು ಬಂಗುಡೆ ಸಾರು ಕಳಿಸಿದವಳು ಒಂದು ಸಂಜೆ ನಮ್ಮಿಬ್ಬರನ್ನೂ ಕರೆದು ಇಲ್ಲಿಯವರ ಕ್ರಮದಲ್ಲಿ ಗಾವಾ ಕೊಟ್ಟಳು. ಗಾವಾ ಎಂದರೆ ಏಲಕ್ಕಿ ಹಾಕಿದ ತಿಳಿ ಕಾಫಿ. ಹಿಡಿಯಿಲ್ಲದ ಪುಟ್ಟ ಬಟ್ಟಲು, ಜೊತೆಗೆ ಖರ್ಜೂರ. ನಾನು ಕುಡಿದೆ, ಅವಳು ತುಂಬಿದಳು. ಬೇಡ ಎಂದೆ, ಮತ್ತೆ ತುಂಬಿದಳು. ಶೀಲಳಿಗೂ ಅದೇ ಗತಿ. ನಮ್ಮಿಬ್ಬರ ಎದೆ ಡವಡವ ಹೊಡೆದುಕೊಳ್ಳಲು ಶುರುವಾಯಿತು.

"ಟೀಚರ್, ಬಾಯಲ್ಲಿ ಬೇಡ ಅಂದರೆ ಇಲ್ಲಿ ಯಾರೂ ಕೇಳುವುದಿಲ್ಲ," ಎಂದು ಮೈಮೂನಾ ನಕ್ಕಳು. "ಸಾಕಾದರೆ ಬಟ್ಟಲನ್ನು ಹೀಗೆ ಅಲ್ಲಾಡಿಸಬೇಕು. ಅಲ್ಲಾಡಿಸಿದ ಮೇಲೆ ಒತ್ತಾಯ ಇಲ್ಲ."

ಎಂಥ ಒಳ್ಳೆಯ ಕ್ರಮ. ಬಾಯಿಯ ಬೇಡಕ್ಕೂ ಮನಸ್ಸಿನ ಬೇಡಕ್ಕೂ ಇವರು ಬೇರೆಬೇರೆ ಗುರುತು ಇಟ್ಟುಕೊಂಡಿದ್ದಾರೆ. ನಮ್ಮೂರಲ್ಲೂ ಇದನ್ನು ಜಾರಿಗೆ ತಂದರೆ ಎಷ್ಟೋ ನೆಂಟಸ್ತನ ಉಳಿಯುತ್ತಿತ್ತು ಎಂದು ನಾನು ಅಂದೇ ಹೇಳಿದ್ದೆ. ಹೇಳಿದವಳು ಕಲಿಯಬೇಕಿತ್ತು.

ಕಡಲ ದಂಡೆ

ಹೆಸರು ನೋಂದಾಯಿಸುವ ಗಡುವು ಹತ್ತಿರ ಬಂತು. ರೋಶನ್ ನಮ್ಮಿಬ್ಬರನ್ನೂ ಬೆಳಗಿನ ಜಾವ ಕಾರಲ್ಲಿ ಕೂರಿಸಿ ಸಮುದ್ರದ ಬಳಿ ಬಿಟ್ಟು, "ಮಾತಾಡಿಕೊಳ್ಳಿ," ಎಂದು ಹೇಳಿ ಕರಕ್ ಚಹಾ ತರುವ ನೆಪದಲ್ಲಿ ಪರಾರಿಯಾದ.

ಅಲ್ಲಿ ನಮಗೆ ವಿಚಿತ್ರವೊಂದು ಕಾದಿತ್ತು. ಸಮುದ್ರದೊಳಗಿಂದ ಸೂರ್ಯ ಎದ್ದು ಬಂದ. ಹುಟ್ಟಿದಂದಿನಿಂದ ಸೂರ್ಯ ಕಡಲಿಗೆ ಇಳಿಯುವುದನ್ನು ನೋಡಿದವಳು ನಾನು. ಎಲ್ಲೋ ತಪ್ಪಾಗಿದೆ ಎನಿಸಿತು. ಪಕ್ಕಕ್ಕೆ ತಿರುಗಿದರೆ ಶೀಲಳೂ ಹುಬ್ಬು ಗಂಟಿಕ್ಕಿ ಅದನ್ನೇ ನೋಡುತ್ತಿದ್ದಳು. ಅವರ ಊರಿನ ಕಡಲೂ ಪಶ್ಚಿಮಕ್ಕಂತೆ.

"ಮಗುವಿಗೆ ನಿನ್ನ ಹೆಸರೇ ಯಾಕೆ ಇಡಬೇಕು?" ಎಂದು ಅವಳು ನೇರವಾಗಿ ಕೇಳಿದಳು. ಜಗಳದ ದನಿ ಇರಲಿಲ್ಲ.

ನಾನೂ ನೇರವಾಗಿ ಹೇಳಿದೆ. ಗಂಡ ತೀರಿಕೊಂಡ ಮೇಲೆ ಊರಲ್ಲಿ ನನ್ನನ್ನು ಹೆಸರು ಹಿಡಿದು ಕರೆಯುವವರು ಯಾರೂ ಇಲ್ಲ. ಊರವರಿಗೆ ಟೀಚರ್, ಮಗನಿಗೆ ಮಮ್ಮಿ, ನೆರೆಯವರಿಗೆ ಬಾಯಮ್ಮ, ಬ್ಯಾಂಕಿನಲ್ಲಿ ಮೇಡಂ. ನಮ್ಮವರು ಇದ್ದಾಗ ಗೇಟಿನಿಂದಲೇ "ಫಿಲೋಮಿನಾ" ಎಂದು ಕೂಗಿಕೊಂಡು ಬರುತ್ತಿದ್ದರು, ಏನೂ ಕೆಲಸವಿಲ್ಲದಿದ್ದರೂ. ಮನೆಯೊಳಗೆ ಆ ಹೆಸರನ್ನು ಯಾರಾದರೂ ಕೂಗುವುದನ್ನು ಇನ್ನೊಮ್ಮೆ ಕೇಳಬೇಕಿತ್ತು. ಕೂಗುವುದು ನನ್ನನ್ನೇ ಆಗಬೇಕೆಂದಿಲ್ಲ.

ಶೀಲ ತನ್ನದನ್ನು ಹೇಳಿದಳು. ಅವರ ಮನೆಯಲ್ಲಿ ಒಂದು ತಲೆಮಾರು ಬಿಟ್ಟು ಒಂದು ತಲೆಮಾರಿಗೆ ಶೀಲ ಇರುತ್ತಾಳಂತೆ. ಶಾಲೆಯಲ್ಲಿ ಅವಳ ಹೆಸರನ್ನು ಇಂಗ್ಲಿಷ್ ಮಾಡಿ ಬರೆದರು. ಆಮೇಲೆ ಮೀನು ಪ್ಯಾಕ್ ಮಾಡುವ ಕಾರ್ಖಾನೆಯ ಕಚೇರಿಯಲ್ಲಿ ಕೆಲಸ. ಅಲ್ಲಿ ಐರಿಷ್ ಹೆಸರನ್ನೇ ಕೊಟ್ಟಳು, ಆದರೆ ಗೆರೆ ಎಲ್ಲಿಯೂ ಬರಲಿಲ್ಲ. ಸಿಕ್ಕಿದ ಕಾಗದ ಪ್ರತಿಯೊಂದಕ್ಕೂ ತಾನೇ ಹಾಕುತ್ತ ಬಂದಳು. ಜೊತೆಯಲ್ಲಿ ಐರಿಷ್ ಮಾತಾಡುತ್ತಿದ್ದ ಅಣ್ಣ ಹೋದ ವರ್ಷ ತೀರಿಕೊಂಡ.

"ಈಗ ಮನೆಯಲ್ಲಿ ನಾಯಿಯ ಹತ್ತಿರ ಮಾತ್ರ ಐರಿಷ್ ಮಾತಾಡುತ್ತೇನೆ," ಎಂದಳು. "ಒಳ್ಳೆಯ ನಾಯಿ. ಆದರೆ ವಯಸ್ಸಾಗಿದೆ."

ರೋಶನ್ ಚಹಾ ತಂದ. ಮೂವರೂ ನಿಂತುಕೊಂಡೇ ಕುಡಿದೆವು.

ಕಚೇರಿಗೆ ಹೋಗುವ ದಿನ

ಮರುದಿನ ಬೆಳಿಗ್ಗೆ ರೋಶನ್ ಶೂ ಹಾಕುತ್ತಿದ್ದಾಗ ಹೋಗಿ ಹೇಳಿದೆ. "ಶೀಲ ಅಂತಲೇ ಬರೆಸು."

"ನಿಜವಾಗಿ ಮಮ್ಮಿ?"

"ನಮ್ಮಲ್ಲಿ ಫಿಲೋಮಿನಾಗಳಿಗೆ ಬರವಿಲ್ಲ. ಅವಳಿಗೆ ಇದೊಂದೇ ಇರುವುದು."

ಅಷ್ಟರಲ್ಲಿ ಶೀಲ ಒಳಗಿಂದ ಬಂದಳು. ಅಳಿಯನ ಮುಂದೆ ನಿಂತು, ರಾತ್ರಿಯೆಲ್ಲ ಯೋಚಿಸಿದೆ, ಫಿಲೋಮಿನಾ ಎಂದೇ ಆಗಲಿ ಎಂದಳು.

"ಆಗುವುದಿಲ್ಲ," ಎಂದೆ.

"ಆಗಲೇಬೇಕು," ಎಂದಳು.

"ನಿನ್ನ ಹೊದಿಕೆ ಹೆಣೆದು ಆಗಿದೆ."

"ಅದನ್ನು ಬಿಚ್ಚಬಹುದು. ಚಿನ್ನದ ಬಳೆಯನ್ನು ಬಿಚ್ಚಲಾಗುವುದಿಲ್ಲ." ಬಳೆಯ ವಿಷಯ ಅವಳಿಗೆ ಯಾವಾಗ ಗೊತ್ತಾಯಿತೋ, ನನ್ನ ಮಗನ ಹೊಟ್ಟೆಯಲ್ಲಿ ಏನೂ ನಿಲ್ಲುವುದಿಲ್ಲ.

ಹೀಗೆ ನಾವು ಮೊದಲು ಬೇಕು ಬೇಕು ಎಂದದ್ದಕ್ಕಿಂತ ಗಟ್ಟಿಯಾಗಿ ಈಗ ಬೇಡ ಬೇಡ ಎಂದು ಎಳೆದಾಡಿದೆವು. ಶಿನೇಡ್ ಮಗುವನ್ನೆತ್ತಿಕೊಂಡು ಬಂದು, "ರೋಶನ್, ಯಲ್ಲಾ, ನೀನು ಹೋಗು. ಅಲ್ಲಿ ನಿನಗೆ ತೋಚಿದ್ದನ್ನು ಬರೆಸು," ಎಂದಳು. ಅವನು ತಪ್ಪಿಸಿಕೊಂಡವನ ಹಾಗೆ ಹೊರಟ.

ಅವನ ಕಾರು ಹೋದ ಮೇಲೆ ನನ್ನ ಮನಸ್ಸಿನಲ್ಲಿದ್ದದ್ದನ್ನು ಇಲ್ಲಿ ಮುಚ್ಚಿಡುವುದಿಲ್ಲ. ನಾನು ಬೇಡ ಎಂದದ್ದು ಸುಳ್ಳಲ್ಲ. ಆದರೆ ನಮ್ಮೂರಿನ ಬೇಡ ಅದು. ಅದನ್ನು ಎರಡು ಸಲವಾದರೂ ಒತ್ತಾಯ ಮಾಡಿ ಮುರಿಯಬೇಕು. ಶೀಲ ತನ್ನ ಪಾಲಿನ ಒತ್ತಾಯ ಮಾಡಿದ್ದಳು. ಮಗನೂ ಒಂದು ಮಾತು, "ಅದೆಂತ ಮಮ್ಮಿ, ನಿನ್ನ ಹೆಸರೇ ಇಡುವುದು," ಎನ್ನುತ್ತಾನೆಂದು ಕಾದಿದ್ದೆ.

ಮಧ್ಯಾಹ್ನ ಊಟದ ಹೊತ್ತಿಗೆ ರೋಶನ್ ಬಂದು ಮೇಜಿನ ಮೇಲೆ ಕಾಗದ ಇಟ್ಟು, ಮುಖ ತೊಳೆಯಲು ಹೋದ. ನಾವಿಬ್ಬರೂ ಕಾಗದದ ಮೇಲೆ ಬಗ್ಗಿದೆವು. ಇಡೀ ಕಾಗದ ಅರಬ್ಬಿಯಲ್ಲಿತ್ತು. ಶೀಲ ಕನ್ನಡಕ ಹಾಕಿ ತನ್ನ ಗೆರೆ ಹುಡುಕಿದಳು, ನಾನು ಉದ್ದದ ಗುರುತು ಏನಾದರೂ ಇದೆಯೇ ಎಂದು ಹುಡುಕಿದೆ. ನಮ್ಮ ಮೊಮ್ಮಗಳ ಹೆಸರು ನಮ್ಮ ಕಣ್ಣೆದುರಿಗಿತ್ತು, ಇಬ್ಬರಿಗೂ ಓದಲು ಬರಲಿಲ್ಲ. ಬಚ್ಚಲಿಂದ ಮಗ ಬರುವ ತನಕ ಕಾಯುವ ತಾಳ್ಮೆ ಯಾರಿಗಿದೆ? ನಾನು ಹೋಗಿ ಮೈಮೂನಾಳ ಬಾಗಿಲು ಬಡಿದೆ.

ಅವಳು ಒದ್ದೆ ಕೈ ಒರೆಸಿಕೊಂಡು ಬಂದು, ಬಲದಿಂದ ಎಡಕ್ಕೆ ಬೆರಳಿಟ್ಟು ಓದಿದಳು. "ಶೀನ್. ಯಾ. ಲಾಮ್. ಅಲಿಫ್." ತಲೆಯೆತ್ತಿ ನಮ್ಮಿಬ್ಬರನ್ನೂ ನೋಡಿದಳು. "ಶೀಲಾ."

ಶೀಲ ಕುರ್ಚಿಯಲ್ಲಿ ಕೂತುಬಿಟ್ಟಳು. ಕಾಗದವನ್ನು ಹತ್ತಿರಕ್ಕೆಳೆದು, "ಗೆರೆ ಎಲ್ಲಿ?" ಎಂದು ಕೇಳಿದಳು. ನಾನು ಅದನ್ನು ಮೈಮೂನಾಳಿಗೆ ಕನ್ನಡದಲ್ಲಿ ಹೇಳಿದೆ.

"ಇದು," ಎಂದು ಮೈಮೂನಾ ಕೆಳಗೆ ಎರಡು ಚುಕ್ಕಿಯಿದ್ದ ಅಕ್ಷರ ತೋರಿಸಿದಳು. "ಗಿಡ್ಡ ಸ್ವರವನ್ನು ಇವರು ಕಾಗದದಲ್ಲಿ ಬರೆಯುವುದೇ ಇಲ್ಲ ಟೀಚರ್. ಉದ್ದದ್ದನ್ನು ಬಿಡುವುದಿಲ್ಲ. ಅದಕ್ಕೆ ಇಡೀ ಅಕ್ಷರವೇ ಬೇಕು."

ಜೀವಮಾನವಿಡೀ ಕಚೇರಿಗಳು ಬಿಟ್ಟ ಗೆರೆಗೆ ಈ ದೇಶದ ಗುಮಾಸ್ತ ಕೇಳದೆಯೇ ಒಂದು ಪೂರ್ತಿ ಅಕ್ಷರ ಕೊಟ್ಟಿದ್ದ. ಶೀಲ ಆ ಎರಡು ಚುಕ್ಕಿಗಳ ಮೇಲೆ ಬೆರಳಿಟ್ಟುಕೊಂಡು ಅತ್ತಳು. ನಾನು ಅವಳ ಬೆನ್ನು ಸವರಿದೆ. ಸಂತೋಷವಾಯಿತು, ಸುಳ್ಳಲ್ಲ. ಎದೆಯೊಳಗೆ ಒಂದು ಮುಳ್ಳೂ ಆಡಿತು, ಅದೂ ಸುಳ್ಳಲ್ಲ.

ರೋಶನ್ ಟವೆಲ್ ಹಿಡಿದು ಬಂದ. "ನೀನೇ ಹೇಳಿದ್ದಲ್ಲವಾ ಮಮ್ಮಿ," ಎಂದ. ಮುಖದಲ್ಲಿ ಅಮ್ಮನ ಮಾತು ನಡೆಸಿದ ಹೆಮ್ಮೆ.

ಓದು ಎಂದರೆ ಆಟಕ್ಕೆ ಹೋದ ಮಗ. ಊರಲ್ಲೇ ಇರು ಎಂದರೆ ಗಲ್ಫಿಗೆ ಬಂದ ಮಗ. ಹುಟ್ಟಿದಂದಿನಿಂದ ನನ್ನ ಒಂದು ಮಾತನ್ನೂ ಕೇಳದವನು ಅಂದೇ ಕೇಳಬೇಕಿತ್ತೆ? ನಾನು ಬಾಯಲ್ಲಿ ಬೇಡ ಎಂದಿದ್ದೆ, ಬಟ್ಟಲು ಅಲ್ಲಾಡಿಸಿರಲಿಲ್ಲ. ಆದರೆ ಮಾತು ಆಡಿದರೆ ಹೋಯಿತು. "ಒಳ್ಳೆಯದು ಮಾಡಿದೆ ಮಗಾ," ಎಂದು ಅವನಿಗೆ ಊಟ ಬಡಿಸಿದೆ.

ಸಂಜೆ ಹತ್ತಿಯಿಂದ ಬಳೆ ತೆಗೆದು ಮಗುವಿನ ಕೈಗೆ ತೊಡಿಸಿದೆ. ಒಳಮೈಯ ಅಕ್ಷರ ಹೊರಗೆ ಯಾರಿಗೂ ಕಾಣುವುದಿಲ್ಲ.

ಮತ್ತೆ ರೋಶನನ ಮನೆ

ಶೀಲ ನನಗಿಂತ ಮೊದಲು ಹೊರಟಳು. ನಾಯಿಯನ್ನು ನೆರೆಯವರ ಬಳಿ ಬಿಟ್ಟು ಬಂದಿದ್ದಳು. ವಿಮಾನ ನಿಲ್ದಾಣದಲ್ಲಿ ನನ್ನ ಕೈ ಹಿಡಿದು, ಸ್ನಾನದ ಹಾಡನ್ನು ಬಿಡಬೇಡ ಎಂದಳು. ಅವಳ ಬಾಯಿಂದ ಕೇಳಿ ಕೇಳಿ ನಾನು ಅದನ್ನು ಕನ್ನಡದಲ್ಲಿ ಬರೆದುಕೊಂಡಿದ್ದೆ, ಅವಳು ಎಳೆದಲ್ಲೆಲ್ಲ ದೀರ್ಘ ಹಾಕಿ. ಈಗ ದಿನಾ ಬೆಳಿಗ್ಗೆ ದಮ್ಮಾಮಿನ ಬಚ್ಚಲಲ್ಲಿ ಕಾರ್ಕಳದ ಎಣ್ಣೆ ತಿಕ್ಕಿ, ತಲೆಬುಡ ಗೊತ್ತಿಲ್ಲದ ಐರಿಷ್ ಹಾಡುತ್ತೇನೆ. ತಪ್ಪಿದರೆ ಒಳಗಿನ ಕೋಣೆಯಿಂದ ಶಿನೇಡ್ ತಿದ್ದುತ್ತಾಳೆ. ಆಗಾಗ ಪೂರ್ತಿ ಹಾಡನ್ನೇ ಹಾಡಿಬಿಡುತ್ತಾಳೆ, ನಾನು ಬೇಕೆಂದೇ ತಪ್ಪುವುದೂ ಉಂಟು.

ಸ್ನಾನ ಮುಗಿದು, ಮಗುವನ್ನು ಹಾಲುಬಣ್ಣದ ಹೊದಿಕೆಯಲ್ಲಿ ಸುತ್ತಿ ತೊಡೆಯ ಮೇಲೆ ಮಲಗಿಸಿಕೊಳ್ಳುವ ಹೊತ್ತಿಗೆ ಮೇಜಿನ ಮೇಲಿನ ಫೋನು ಹೊಡೆದುಕೊಳ್ಳುತ್ತದೆ. ಶಿನೇಡ್ ಅದನ್ನು ಒತ್ತಿ, ಗೋಡೆಗೆ ಆನಿಸಿಟ್ಟು ತನ್ನ ಕೆಲಸಕ್ಕೆ ಹೋಗುತ್ತಾಳೆ. ಐರ್ಲೆಂಡಿನಲ್ಲಿ ಇನ್ನೂ ಸರಿಯಾಗಿ ಬೆಳಕಾಗಿರುವುದಿಲ್ಲ. ಕಪ್ಪು ಕಿಟಕಿ, ಅಡುಗೆಮನೆಯ ದೀಪ, ಕೆಂಪು ಮುಖ.

"ಫಿಲೋಮೀನಾ," ಎಂದು ಶೀಲ ಕರೆಯುತ್ತಾಳೆ. ಅವಳ ಬಾಯಲ್ಲಿ ಅದಕ್ಕೆ ಒಂದು ದೀರ್ಘ ಹೆಚ್ಚು.

ನಾನು ಕೂಡಲೇ ಮಾತಾಡುವುದಿಲ್ಲ. ಮಗುವಿನ ಹೊದಿಕೆ ಸರಿಮಾಡುತ್ತಿರುತ್ತೇನೆ.

"ಫಿಲೋಮೀನಾ, ಇದ್ದೀಯಾ?"

ಆಗಲೂ ಇಲ್ಲ. ಸೆರಗಿನಿಂದ ಮಗುವಿನ ಕಿವಿಯ ಹಿಂದಿನ ನೀರು ಒರೆಸುತ್ತೇನೆ. ಅವಳಿಗೂ ಗೊತ್ತು, ಅವಳ ಊರಿನ ಕ್ರಮವೂ ಅದೇ. ಮೂರನೆಯ ಸಲ ಮನೆಯ ಗೋಡೆಗಳಿಗೆಲ್ಲ ಕೇಳುವ ಹಾಗೆ ಕೂಗುತ್ತಾಳೆ.

"ಹೇಳು ಶೀಲ, ಇಲ್ಲೇ ಇದ್ದೇನೆ," ಎನ್ನುತ್ತೇನೆ.